ರೊಕ್ಕಕ್ಕಲ್ಲದ ಕಿಸೆ

ನಾಚಾರಂ, ಹೈದರಾಬಾದ್
೧೨ ಆಗಸ್ಟ್ ೨೦೦೫, ಶುಕ್ರವಾರ

ಪ್ರೀತಿಯ ಅಂಬಕ್ಕಾ,

ಹೇಗಿದ್ದೀ? ಮೊಣಕಾಲು ನೋವು ಈ ಮಳೆಗೆ ಮತ್ತೆ ಎದ್ದಿತಾ? ಡಾಕ್ಟರು ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲಾ ಸೀಸೆಯನ್ನು ದೇವರ ಜಗಲಿಯ ಮೇಲಿಟ್ಟು ಕೈ ಮುಗಿಯುತ್ತೀಯೋ? ಕಣ್ಣಿಗೆ ಚಾಳೀಸು ಮಾಡಿಸಿಕೊಂಡೆಯಾ? ಸೂಜಿಗೆ ದಾರ ಪೋಣಿಸಲು ಇನ್ನೂ ಪಕ್ಕದ ಮನೆಯ ಪಾರ್ವತಿಬಾಯಿಯವರನ್ನೇ ಕೂಗುತ್ತಿದ್ದರೆ ಅವರ ತಾಳ್ಮೆ ದೊಡ್ಡದು. ನಾನು ಇಲ್ಲಿ ಚೆನ್ನಾಗಿದ್ದೇನೆ. ಜೋಳದ ರೊಟ್ಟಿ ಮಾಡುವ ಒಂದು ಮೆಸ್ಸು ಸಿಕ್ಕಿದೆ. ರೊಟ್ಟಿ ದಪ್ಪ, ನಿನ್ನ ರೊಟ್ಟಿಯ ಹತ್ತಿರಕ್ಕೂ ಬಾರದು, ಆದರೆ ಹೊಟ್ಟೆ ತುಂಬುತ್ತದೆ. ನೀನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತೀ ಎಂದು ದಪ್ಪಗೆ ಬರೆಯುತ್ತಿದ್ದೇನೆ, ಅದಕ್ಕೇ ಇಷ್ಟೊಂದು ಹಾಳೆ. ಎರಡು ದಿನ ತಗೊಂಡು ಓದು. ಅರ್ಧಕ್ಕೆ ಬಿಟ್ಟು ಒಲೆಗೆ ಮಾತ್ರ ಹಾಕಬೇಡ.

ಹದಿನಾಲ್ಕು ತಿಂಗಳಿಂದ ಪಾರ್ವತಿಬಾಯಿಯವರ ಮನೆಗೆ ಫೋನು ಮಾಡಿದಾಗಲೆಲ್ಲ ಅವರದು ಒಂದೇ ಮಾತು: "ಅಂಬವ್ವ ಒಲಿ ಮುಂದ ಕುಂತಾಳಪಾ, ಆಮ್ಯಾಲ ಮಾಡು." ಯಾವ ಹೆಣ್ಣುಮಗಳೂ ಹದಿನಾಲ್ಕು ತಿಂಗಳು ಒಲೆಯ ಮುಂದೆ ಕೂತಿರುವುದಿಲ್ಲ ಅಕ್ಕಾ, ಅಷ್ಟು ನನಗೂ ತಿಳಿಯುತ್ತದೆ. ನೀನು ನನ್ನ ಜೊತೆ ಮಾತು ಬಿಟ್ಟಿದ್ದೀ. ಮೊನ್ನೆಯದೂ ಸೇರಿ ಎರಡು ಪಂಚಮಿ ಹೋದವು. ಅಪ್ಪ, ಅವ್ವ ಇಬ್ಬರೂ ಇಲ್ಲದ ಮೇಲೆ ನಿನಗೆ ತವರು ಎಂದರೆ ನಾನೊಬ್ಬನೇ. ಉಂಡಿ ಕಟ್ಟಿಸಿಕೊಂಡು, ಸೀರೆ ತೆಗೆದುಕೊಂಡು ನಿನ್ನ ಬಾಗಿಲಿಗೆ ಬರಬೇಕಾಗಿದ್ದವನು ನಾನು. ಬಂದರೆ ನೀನು ಬಾಗಿಲು ತೆಗೆಯುವುದಿಲ್ಲ ಎಂಬ ಹೆದರಿಕೆಯಲ್ಲಿ ಎರಡು ಸಲವೂ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ ಎಂದು ಸುಳ್ಳು ಹೇಳಿ ಕಳಿಸಿದೆ.

ನಾನು ಹೈದರಾಬಾದಿಗೆ ಹೊರಟ ದಿನ ಯಾದಗಿರಿ ಬಸ್ ಸ್ಟ್ಯಾಂಡಿನಲ್ಲಿ ನೀನು ನನಗೆ ಎರಡು ವಸ್ತು ಕೊಟ್ಟೆ. ಒಂದು, ತೀರಿಹೋದ ನಿನ್ನ ಯಜಮಾನರ, ನನ್ನ ಮಾವನ, ಚಾವಿ ಕೊಡುವ ವಾಚು. ಇನ್ನೊಂದು, ಪೇಪರಿನಲ್ಲಿ ಸುತ್ತಿದ ಎರಡು ಹೊಸ ಪ್ಯಾಂಟು, ನೀನೇ ಹೊಲಿದದ್ದು. ನಾನು ವಾಚು ಕಟ್ಟಿಕೊಂಡು ಪ್ಯಾಂಟು ವಾಪಸು ಕೊಟ್ಟೆ. ಕೊಟ್ಟು ಸುಮ್ಮನಿರಲಿಲ್ಲ. "ನಿನ್ನ ಪ್ಯಾಂಟ್ ಹಾಕ್ಕೊಂಡ್ರ ನಾ ಕುಂಟ ಅಂತ ಊರಿಗೆಲ್ಲಾ ಡಂಗುರ ಹೊಡದಂಗ ಆಗತೈತಿ. ಹೈದರಾಬಾದಿನಾಗ ಛಲೋ ಸಿಂಪಿಗರು ಅದಾರ" ಎಂದೆ. ಎರಡು ವರ್ಷದವನಿದ್ದಾಗ ಪೋಲಿಯೋ ಬಂದು ಎಡಗಾಲು ಕಡ್ಡಿಯಾದದ್ದು ನನಗೆ. ಅದನ್ನು ಹೊತ್ತು ತಿರುಗಿದವಳು ನೀನು. ನೀನು ಪೊಟ್ಟಣವನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹೊರಡುವ ಮೊದಲೇ ಹೋದೆ. ನಾನು ಕಿಟಕಿಯಿಂದ ಕೂಗಲೂ ಇಲ್ಲ.

ಈಗ ನಡೆದದ್ದನ್ನು ಹೇಳುತ್ತೇನೆ. ನಮ್ಮ ಕಾರ್ಖಾನೆಯಲ್ಲಿ ಕರೆಂಟು ಹೋದರೂ ಕಂಪ್ಯೂಟರು ಆರದಂತೆ ಹಿಡಿದಿಡುವ ಬ್ಯಾಟರಿ ಪೆಟ್ಟಿಗೆ ಮಾಡುತ್ತೇವೆಂದು ನಿನಗೆ ಗೊತ್ತು. ಈ ಊರಿನಲ್ಲಿ ಈಗ ಕಂಪ್ಯೂಟರಿನದೇ ಸುಗ್ಗಿ. ಮಾಧಾಪುರದ ಕಡೆ ಹೋಗಿ ನೋಡಬೇಕು ನೀನು! ನಮ್ಮ ಕಡೆಯಂಥದೇ ಬಂಡೆಗಲ್ಲು, ಅದರ ನಡುವೆ ತಲೆಯಿಂದ ಕಾಲಿನವರೆಗೆ ಗಾಜಿನ ಕಟ್ಟಡಗಳು. ಹತ್ತಿರ ಹೋದರೆ ಗಾಜು ತಾನೇ ಸರಿದು ದಾರಿ ಬಿಡುತ್ತದೆ. ನೆಲದಲ್ಲಿ ಮುಖ ಕಾಣುತ್ತದೆ. ಒಳಗೆ ಮೇ ತಿಂಗಳಲ್ಲೂ ಚಳಿ. ಅಂಥ ಒಂದು ಕಟ್ಟಡದಲ್ಲಿ ನಮ್ಮ ಕಂಪನಿ ರಿಪೇರಿ ಕೌಂಟರು ತೆರೆಯುತ್ತಿದೆ. ಪೆಟ್ಟಿಗೆಯ ಸದ್ದು ಕೇಳಿಯೇ ರೋಗ ಹೇಳುತ್ತಾನೆ ಎಂದು ಸಾಹೇಬರು ನನ್ನನ್ನು ಆರಿಸಿದ್ದಾರೆ. ಸೆಪ್ಟೆಂಬರ್ ಒಂದರಿಂದ ಅಲ್ಲಿ ಕೆಲಸ. ಒಂದೇ ಕಟ್ಟಳೆ, ಕಪ್ಪು ಪ್ಯಾಂಟು, ಅಂಗಿ ಒಳಗೆ ಸೇರಿಸಿ ಬೆಲ್ಟು. ನಾಚಾರಂನಲ್ಲಿ ಮೊಣಕಾಲಿನವರೆಗೆ ನೀಲಿ ಕೋಟು ಇತ್ತು, ಅದರ ಕೆಳಗೆ ನೀನು ಹಿಂದೆ ಹೊಲಿದ ಎರಡು ಹಳೆ ಪ್ಯಾಂಟುಗಳನ್ನೇ ಹಾಕಿಕೊಂಡು ಕಾಲ ಕಳೆದೆ. ಹೌದು, ಅವನ್ನೇ. ಡಂಗುರದ ಮಾತು ಆಡಿದ ಬಾಯಿ ನನ್ನದೇ.

ಅಮೀರ್‌ಪೇಟೆಯಲ್ಲಿ ಒಂದು ದೊಡ್ಡ ಅಂಗಡಿಗೆ ಹೋದೆ. ನಾಲ್ಕು ಮಹಡಿ ತುಂಬ ಪ್ಯಾಂಟುಗಳೇ. ಒಂದನ್ನು ಆರಿಸಿದೆ. ಉದ್ದ ಸರಿಮಾಡಲು ಅಲ್ಲಿಯ ಹುಡುಗಿ ಪಿನ್ನು ಹಿಡಿದು ಬಂದು "ಸೀದಾ ಖಡೇ ರಹಿಯೇ ಸರ್" ಎಂದಳು. ನಾನು ಸೀದಾ ನಿಲ್ಲುವುದು ಹೇಗೆಂದು ನಿನಗೆ ಗೊತ್ತಲ್ಲ. ಶಾಲೆಯ ಫೋಟೋ ತೆಗೆಸುವಾಗಿನಿಂದ ನನ್ನದೊಂದು ಉಪಾಯವಿದೆ, ಒಳ್ಳೆಯ ಬಲಗಾಲಿನ ಮೊಣಕಾಲನ್ನು ಗೊತ್ತಾಗದಂತೆ ಬಗ್ಗಿಸಿ ಎರಡೂ ಕಾಲು ಸಮ ಮಾಡಿ ನಿಲ್ಲುವುದು. ಕಾಲಿನ ವಿಷಯ ಆ ಹುಡುಗಿಗೆ ಹೇಳಲು ನಾಚಿಕೆ. ಹಾಗೇ ನಿಂತೆ. ಅವಳು ಹಾಗೇ ಅಳೆದಳು. ಮಾರನೆಯ ದಿನ ಹಾಕಿಕೊಂಡು ನೋಡಿದರೆ ಬಲಗಾಲು ಕೆಸರಿನಲ್ಲಿ ನಿಂತ ಕೊಕ್ಕರೆಯ ಹಾಗೆ ಹೊರಗೆ. ಅದೂ ಇರಲಿ ಎಂದು ಅದನ್ನೇ ತೊಟ್ಟು ಕೌಂಟರು ನೋಡಲು ಮಾಧಾಪುರಕ್ಕೆ ಹೋದೆ. ಆ ಕನ್ನಡಿ ನೆಲದ ಮೇಲೆ ನನಗೆ ಹತ್ತು ಹೆಜ್ಜೆ ಇಡಲು ಆಗಲಿಲ್ಲ. ಎಡ ಹೆಜ್ಜೆಗೊಮ್ಮೆ ಬಗ್ಗಿ ಕೈಯನ್ನು ತೊಡೆಗೆ ಒತ್ತಬೇಕಾಯಿತು, ಎಲ್ಲರ ಕಣ್ಣೂ ನನ್ನ ಮೇಲೆ. ನಾನು ನೆಲ ಜಾರುತ್ತದೆ ಎಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ.

ವಾಚಿನದೂ ಅದೇ ಗೋಳು. ಒಂದು ದಿನ ಹತ್ತು ನಿಮಿಷ ಹಿಂದೆ, ಇನ್ನೊಂದು ದಿನ ಇಪ್ಪತ್ತು ನಿಮಿಷ ಮುಂದೆ. ಮೂರು ಕಡೆ ತೋರಿಸಿದೆ. ಮೂವರೂ ನಾಲ್ಕು ದಿನ ಇಟ್ಟುಕೊಂಡು, ಏನೂ ಆಗಿಲ್ಲ, ಸರಿಯಾಗಿ ನಡೆಯುತ್ತಿದೆ ಎಂದು ವಾಪಸು ಕೊಟ್ಟರು. ಒಬ್ಬನಂತೂ ಇದನ್ನು ಶೋಕೇಸಿಗಿಟ್ಟು ಹೊಸದು ಕೊಳ್ಳಿ ಎಂದ. ಹೋದ ತಿಂಗಳ ಕೊನೆಯ ಭಾನುವಾರ ನನ್ನ ರೂಮಿನ ತಿಪ್ಪೇಸ್ವಾಮಿಯನ್ನು ರೈಲು ಹತ್ತಿಸಲು ಕಾಚಿಗೂಡಕ್ಕೆ ಹೋದೆ. ಇನ್ನೂ ಅರ್ಧ ತಾಸು ಇದೆ ಎಂದು ನನ್ನ ವಾಚು ನೋಡಿ ಇಬ್ಬರೂ ಚಹಾ ಕುಡಿಯುತ್ತಿದ್ದೆವು. ಸ್ಟೇಷನ್ನಿನ ಗಡಿಯಾರ ನೋಡಿದರೆ ಐದೇ ನಿಮಿಷ! ಅವನು ಓಡಿ ಹತ್ತಿದ. ನಾನು ಚೀಲ ಹಿಡಿದು ಹಿಂದೆ ಉಳಿದೆ, ಯಾರೋ ಪುಣ್ಯಾತ್ಮರು ಇಸಿದುಕೊಂಡು ಓಡಿ ಕಿಟಕಿಯಲ್ಲಿ ಕೊಟ್ಟರು. ಸಿಟ್ಟಿನಿಂದ ಹೊರಗೆ ಬಂದವನು ಹಳೇ ಓಣಿಯಲ್ಲಿ ಗಡಿಯಾರ ರಿಪೇರಿಯ ಬೋರ್ಡು ಕಂಡು ಅಂಗಡಿಯ ಮೆಟ್ಟಿಲು ಹತ್ತಿದೆ.

ಆ ಅಂಗಡಿಯನ್ನು ಹೇಗೆ ಹೇಳಲಿ ಅಕ್ಕಾ! ಒಂದೇ ಕೋಣೆ. ಅರ್ಧದಲ್ಲಿ ಬೀದರ ಕಡೆಯ ಲಾಲಸಾಬರು ಗಡಿಯಾರ ರಿಪೇರಿ ಮಾಡುತ್ತಾರೆ, ಇನ್ನರ್ಧದಲ್ಲಿ ಲಿಂಗಸುಗೂರಿನ ಅಮರಯ್ಯನವರು ಬಟ್ಟೆ ಹೊಲಿಯುತ್ತಾರೆ. ಇಬ್ಬರಿಗೂ ಎಪ್ಪತ್ತು ದಾಟಿದೆ. ನಲವತ್ತು ವರ್ಷದಿಂದ ಫ್ಯಾನಿನ ವಿಷಯಕ್ಕೆ ಜಗಳ. ಫ್ಯಾನು ಹಾಕಿದರೆ ಲಾಲಸಾಬರ ಮೇಜಿನಿಂದ ಗಡಿಯಾರದ ಜೀವ ಹಾರಿಹೋಗುತ್ತದೆ, ಹಾಕದಿದ್ದರೆ ಅಮರಯ್ಯನವರು ಬೆವರಿ ಬಟ್ಟೆಗೆ ಕಲೆ. ಲಾಲಸಾಬರು ಕಣ್ಣಿಗೆ ಕರಿ ಕೊಳವೆಯ ಭೂತಗನ್ನಡಿ ಸಿಕ್ಕಿಸಿಕೊಂಡು ಮಾವನ ವಾಚನ್ನು ಬಿಚ್ಚಿದರು. ಎಳ್ಳಿಗಿಂತ ಸಣ್ಣ ಸ್ಕ್ರೂಗಳು. ಒಂದೊಂದನ್ನೂ ಚಿಮಟದಲ್ಲಿ ಎತ್ತಿ, ಬೋರಲು ಹಾಕಿದ ಚಹಾದ ಗ್ಲಾಸುಗಳ ಕೆಳಗೆ ಸಾಲಾಗಿ ಇಟ್ಟರು. ನನಗೆ ಉಸಿರಾಡಲೂ ಹೆದರಿಕೆ. ಒಳಗೆ ಒಂದು ಸಣ್ಣ ಚಕ್ರ ಗುಬ್ಬಿಮರಿಯ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀಚಿದ ಅಕ್ಷರಗಳಿದ್ದವು. ಹಿಂದೆ ರಿಪೇರಿ ಮಾಡಿದ ಒಬ್ಬೊಬ್ಬರೂ ಗುರುತು ಬಿಟ್ಟಿರುತ್ತಾರಂತೆ. ಲಾಲಸಾಬರು ಓದುವ ಮೊದಲು ಆ ಗುರುತುಗಳನ್ನು ಹಣೆಗೆ ಮುಟ್ಟಿಸಿಕೊಂಡರು. ಇಷ್ಟು ತಿಂಗಳು ಕೈಗೆ ಕಟ್ಟಿಕೊಂಡ ವಸ್ತುವಿನ ಒಳಗೆ ಇಷ್ಟು ಜನರ ಕೈ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಅವರು ಚಾವಿಯ ಗುಂಡಿಯ ಬುಡದಿಂದ ಒಂದು ಚೂರು ನೂಲು ಎಳೆದರು. ಖಾಕಿ ಬಣ್ಣದ್ದು. ಬೆಳಕಿಗೆ ಹಿಡಿದು ನೋಡಿ, "ಅರೇ ಮಿಯಾ, ಮೇಜಿನ ಮ್ಯಾಲ ಇದು ನವಾಬ. ನಿಮ್ಮ ಕೈಯಾಗ ಯಾಕ ಹುಚ್ಚ ಆಗತೈತಿ? ನಾಕು ಹೆಜ್ಜಿ ನಡದು ತೋರಸ್ರಿ" ಎಂದರು. ನಡೆದೆ. ಎರಡನೆಯ ಹೆಜ್ಜೆಗೇ ಕೈ ಎತ್ತಿ ನಿಲ್ಲಿಸಿದರು. ನಾನು ಎಡಗೈಯನ್ನು ಎಡ ಕಿಸೆಯಲ್ಲಿ ಇಟ್ಟುಕೊಂಡೇ ನಡೆಯುತ್ತೇನಲ್ಲ, ಹೆಜ್ಜೆಗೊಮ್ಮೆ ಕಿಸೆಯ ಬಾಯಿಗೆ ತಾಗಿ ಚಾವಿಯ ಗುಂಡಿ ಹೊರಗೆ ಬರುತ್ತಿತ್ತು. ಹಾಗೆ ತಿರುಗಿದಾಗ ಮುಳ್ಳುಗಳು ಹಿಂದೆ ಮುಂದೆ. ಅಂಗಡಿಯ ಮೇಜಿನ ಮೇಲೆ ಕಿಸೆ ಎಲ್ಲಿಂದ ಬರಬೇಕು, ಅದಕ್ಕೇ ಯಾರಿಗೂ ರೋಗ ಸಿಗಲಿಲ್ಲ. ವಾಚು ಕೆಟ್ಟಿದ್ದರೆ ವಾಚು ನೋಡುತ್ತಾರೆ, ಈ ಮನುಷ್ಯ ಕಟ್ಟಿಕೊಂಡವನನ್ನು ನೋಡಿದರು. ಅವರು ತೊಳೆದು, ಗುಂಡಿಯ ಕಡ್ಡಿ ಬದಲಿಸಿ, ಬಲಗೈಗೆ ಕಟ್ಟಿಕೊಳ್ಳಲು ಹೇಳಿದರು. ಇವತ್ತಿಗೆ ಹನ್ನೆರಡು ದಿನ, ರೇಡಿಯೋದ ಜೊತೆ ಒಂದು ನಿಮಿಷ ಹೆಚ್ಚುಕಮ್ಮಿ ಇಲ್ಲ. ಆ ಖಾಕಿ ನೂಲು ಎಲ್ಲಿಯದೆಂದು ನಿನಗೆ ಹೊಳೆದಿರಬೇಕು. ಮಾವ ಕಂಡಕ್ಟರ್ ಆಗಿದ್ದಾಗಿನ ಅಂಗಿಯಿಂದ ನೀನು ನನ್ನ ಕಿಸೆ ಹೊಲಿದಿದ್ದೆ. ಮಾವನ ವಾಚಿನೊಳಗೆ ಮಾವನ ಅಂಗಿ ಸಿಕ್ಕಿಕೊಂಡಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಲಾಲಸಾಬರು ಆಚೆ ಕಡೆ ಕೂಗಿದರು: "ಅಮರಯ್ಯ, ಇವರ ಕಿಸೆ ಸ್ವಲ್ಪ ನೋಡಪಾ." ಅಮರಯ್ಯನವರು ನನಗೆ ಒಂದು ಲುಂಗಿ ಕೊಟ್ಟು ಪ್ಯಾಂಟು ಬಿಚ್ಚಿಸಿದರು. ಅದನ್ನು ಒಳಮೈ ಹೊರಗೆ ಮಾಡಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು, ಬೆರಳಿನಲ್ಲಿ ಸವರಿ ನೋಡಿದರು. "ಇದನ್ನ ಯಾರು ಹೊಲದಾರ?" ಎಂದು ಕೇಳಿದಾಗ ನಾನು ತಲೆ ತಗ್ಗಿಸಿ "ಊರಾಗ, ಮನ್ಯಾಗ" ಎಂದೆ. ಅವರಿಗೆ ರೇಗಿತು. "ಊರು ಯಾವುದರ ಇರಲಿ. ಕೈ ಯಾರದು?" ಎಂದರು. ಅಕ್ಕನದು ಎಂದೆ.

ಆಗ ಅವರು ನನ್ನ ಪ್ಯಾಂಟನ್ನು ನನಗೇ ಓದಿ ಹೇಳಿದರು. ಎಡಗಡೆಯ ಸೊಂಟಪಟ್ಟಿ ಒಂದು ಬೆರಳು ಎತ್ತರವಿದೆಯಂತೆ, ಸೊಂಟ ಆ ಕಡೆ ವಾಲಿದರೂ ಪಟ್ಟಿ ಸಮನಾಗಿ ಕಾಣಲಿ ಎಂದು. ಎಡ ಮೀನಖಂಡದ ಹತ್ತಿರ ಒಳಗೆ ಇನ್ನೊಂದು ಪದರ, ಕಡ್ಡಿಕಾಲು ಗಾಳಿಗೆ ಎದ್ದು ತೋರದಿರಲಿ ಎಂದು. ಕೆಳಗಿನ ಮಡಿಕೆಯಲ್ಲಿ ದಪ್ಪ ಪಟ್ಟಿ, ಬಟ್ಟೆ ಭಾರಕ್ಕೆ ನೆಟ್ಟಗೆ ಬೀಳಲಿ ಎಂದು. ಗೋಣಿಚೀಲದ ಹಾಗೆ ಭಾರ ಎಂದು ನಾನು ನಿನ್ನನ್ನು ಎಷ್ಟು ಸಲ ಬೈದಿಲ್ಲ! ಕೊನೆಗೆ ಅವರು ಎಡ ಕಿಸೆಯೊಳಗೆ ತಮ್ಮ ಕೈ ಇಳಿಬಿಟ್ಟರು. ಅದರ ಬಾಯಿ ಬೇರೆ ಕಡೆ, ತಳ ಬೇರೆ ಕಡೆ. ಕೈ ಹಾಕಿದರೆ ನೇರ ತೊಡೆಯ ಮುಂದಕ್ಕೆ ಹೋಗಿ ಕೂರುತ್ತದೆ, ಕಾಲಿಗೆ ಒತ್ತು ಬೇಕಾದ ಜಾಗಕ್ಕೇ. ಮೂರು ಪದರದ ಖಾಕಿ. "ಈ ಕಿಸೆ ರೊಕ್ಕಕ್ಕಲ್ಲ, ಕೈಗೆ" ಎಂದರು ಅಮರಯ್ಯನವರು. "ಈ ಹುಡುಗ ತೊಡಿ ಒತ್ತಿ ನಡ್ಯಾದು ಯಾರ ಕಣ್ಣಿಗೂ ಬೀಳಬಾರದು, ಕಿಸೆದಾಗ ಕೈ ಇಟ್ಕೊಂಡು ಶೋಕಿ ಮಾಡಾಕತ್ತಾನ ಅಂತ ಮಂದಿ ತಿಳೀಬೇಕು. ಅಷ್ಟು ವಿಚಾರ ಮಾಡಿ ಹೊಲದಾಳ ಆಕಿ. ಅರವತ್ತು ವರ್ಷ ಆತು ನಾ ಕತ್ತರಿ ಹಿಡದು, ಇಂಥಾ ಕಿಸೆ ನೋಡಿಲ್ಲ."

ಅಕ್ಕಾ, ನನಗೆ ಗೊತ್ತಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ನನಗೆ ಗೊತ್ತೇ ಇರಲಿಲ್ಲ. ಆ ಕಿಸೆಯಲ್ಲಿ ಚಿಲ್ಲರೆ ನಿಲ್ಲುವುದಿಲ್ಲ ಎಂದು ಎಲ್ಲರ ಮುಂದೆ ನಿನ್ನ ಹೊಲಿಗೆಯನ್ನು ಆಡಿಕೊಂಡಿದ್ದೆ. ಶಾಲೆಯಲ್ಲಿ ನನ್ನನ್ನು ಹುಡುಗರು ‘ಹೀರೋ’ ಎಂದು ಕರೆಯುತ್ತಿದ್ದರು, ಯಾವಾಗಲೂ ಒಂದು ಕೈ ಕಿಸೆಯಲ್ಲಿ ಎಂದು. ಆ ಹೆಸರು ಎಲ್ಲಿಂದ ಬಂತೆಂದು ಒಂದು ದಿನವೂ ಯೋಚಿಸಲಿಲ್ಲ. ಮಾಧಾಪುರದಲ್ಲಿ ಜಾರಿದ್ದು ನೆಲವಲ್ಲ, ಆ ಪ್ಯಾಂಟಿನಲ್ಲಿ ನೀನಿರಲಿಲ್ಲ, ಅಷ್ಟೇ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಅಮರಯ್ಯನವರು ಅಳತೆ ತೆಗೆದುಕೊಳ್ಳುತ್ತಾರೆಂದು ನಾನು ಪ್ಯಾಂಟು ಹಾಕಿಕೊಂಡು ಬಲ ಮೊಣಕಾಲು ಬಗ್ಗಿಸಿ ಸೀದಾ ನಿಂತೆ. ಅವರು ಟೇಪು ಮುಟ್ಟಲಿಲ್ಲ. "ನಿಂತವನ ಅಳತಿ ಸುಳ್ಳು. ಸ್ಟೇಷನ್ ಗೇಟಿನ ತನಕ ಹೋಗಿ ಬಾ, ನಾ ಇಲ್ಲಿ ಪಾವಟಿಗಿ ಮ್ಯಾಲ ಕುಂತು ನೋಡ್ತೀನಿ" ಎಂದು ಅಂಗಡಿಯ ಮೆಟ್ಟಿಲಿನ ಮೇಲೆ ಕೂತರು. ನಾನು ಹೋದೆ. ಗೇಟು ಮುಟ್ಟಿ ತಿರುಗಿದಾಗ, ಮೆಟ್ಟಿಲಿನ ಮೇಲೆ ಕೂತ ಆ ಮುದುಕ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುವುದು ಕಾಣಿಸಿತು. ನಾನು ನಡುದಾರಿಯಲ್ಲೇ ನಿಂತುಬಿಟ್ಟೆ. ನೀನು ಹೊಲಿಗೆಗೆ ಕೂತ ದಿನವೇ ನಮ್ಮ ಮನೆಯಲ್ಲಿ ಎಲ್ಲವೂ ಖರ್ಚಾಗುತ್ತಿತ್ತು. "ಗುರುಶಾಂತಾ, ಸುಬ್ಬಣ್ಣನ ಅಂಗಡಿಗೆ ಹೋಗಿ ಕಡ್ಡಿಪೆಟ್ಟಿಗಿ ತಾ." ತಂದು ಕೊಟ್ಟರೆ "ಉಪ್ಪು ಮರತೆ ನೋಡು." ಆಮೇಲೆ ಅರಿಸಿನ. ಕುಂಟನಿಗೆ ಓಣಿ ಸುತ್ತಿಸುತ್ತಾಳೆ ಎಂದು ನಾನು ಬೈಯುತ್ತಾ ಹೋಗುತ್ತಿದ್ದೆ. ನೀನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಮನೆಯ ಗೂಡಿನಲ್ಲಿ ಕಡ್ಡಿಪೆಟ್ಟಿಗೆಗಳು ಸಾಲಾಗಿ ಇರುತ್ತಿದ್ದವು, ನಾನೇ ನೋಡಿದ್ದೇನೆ. ಬೇಕಾಗಿದ್ದದ್ದು ಕಡ್ಡಿಪೆಟ್ಟಿಗೆಯಲ್ಲ, ನನ್ನ ನಡಿಗೆ. ಕಾಚಿಗೂಡದ ಆ ಗದ್ದಲದಲ್ಲಿ, ಆಟೋಗಳ ನಡುವೆ ನಿಂತು ನಾನು ಅತ್ತೆ. ಇಪ್ಪತ್ತೊಂಬತ್ತು ವರ್ಷದ ಗಂಡಸು, ನಾಚಿಕೆ ಬಿಟ್ಟು ಅತ್ತೆ.

ಎರಡು ಪ್ಯಾಂಟಿನ ಕಪ್ಪು ಬಟ್ಟೆ ತಂದು ಅಮರಯ್ಯನವರಿಗೆ ಕೊಟ್ಟಿದ್ದೇನೆ. ಆದರೆ ಅವರು ಇನ್ನೂ ಕತ್ತರಿ ಹಾಕಿಲ್ಲ. ಕೈಯ ಭಾರಕ್ಕೆ ಆ ಕಿಸೆ ಹರಿಯದೆ ಹೇಗೆ ನಿಂತಿದೆ ಎಂಬುದು ಅವರಿಗೆ ಬಗೆಹರಿದಿಲ್ಲ. ಒಳಗಿನಿಂದ ಏನೋ ಒಂದು ಪಟ್ಟಿ ಸೊಂಟಕ್ಕೆ ಎಳೆದು ಕಟ್ಟಿದ್ದೀಯಂತೆ, ಪದರಗಳ ನಡುವೆ ಅದು ಎಲ್ಲಿ ಹೋಗಿ ಸೇರುತ್ತದೆಂದು ನೋಡಲು ಹೊಲಿಗೆ ಬಿಚ್ಚಬೇಕು. ಬಿಚ್ಚಿ ಎಂದೆ. ಅವರು ಒಪ್ಪಲಿಲ್ಲ. "ಹೊಲದವ್ರು ಇನ್ನೂ ಇರುವಾಗ ಅವರನ್ನ ಕೇಳದ ಹೊಲಿಗಿ ಬಿಚ್ಚಬಾರದು. ನಮ್ಮ ಗುರು ಹಾಕಿಕೊಟ್ಟ ರೀತಿ ಅದು. ನಿಮ್ಮ ಅಕ್ಕನ್ನ ಕೇಳು" ಎಂದರು. ಅದಕ್ಕೆ ಕೇಳುತ್ತಿದ್ದೇನೆ. ಇದರ ಜೊತೆ ನನ್ನ ವಿಳಾಸ ಬರೆದ ಕಾರ್ಡು ಇಟ್ಟಿದ್ದೇನೆ. ಬಿಚ್ಚಲಿ ಎಂದೋ ಬೇಡ ಎಂದೋ ಒಂದೇ ಒಂದು ಮಾತು ಬರೆದು ಡಬ್ಬಿಗೆ ಹಾಕು. ನಾನು ಆಡಿದ ಮಾತಿಗೆ ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ, ಆದರೂ ಕೇಳುತ್ತೇನೆ. ತಪ್ಪಾಯಿತು ಅಕ್ಕಾ.

ಪಾರ್ವತಿಬಾಯಿಯವರಿಗೆ ನಮಸ್ಕಾರ ಹೇಳು, ನಿನಗಾಗಿ ಇಷ್ಟು ದಿನ ಸುಳ್ಳು ಹೇಳಿದ ಪಾಪ ಅವರಿಗೆ ತಟ್ಟದಿರಲಿ. ಎಣ್ಣೆ ಹಚ್ಚಿಕೋ. ನಿನ್ನ ಎರಡೂ ಪಾದ ಮುಟ್ಟಿದ್ದೇನೆಂದು ತಿಳಿ.

ನಿನ್ನ ಕೈಯಲ್ಲಿ ಬೆಳೆದ ತಮ್ಮ,
ಗುರುಶಾಂತ

ತಾ.ಕ.: ಅಂಚೆ ಡಬ್ಬಿಯ ಹತ್ತಿರ ನಿಂತು, ಅಂಟಿಸಿದ ಲಕೋಟೆ ಹರಿದು ಇಷ್ಟು ಬರೆಯುತ್ತಿದ್ದೇನೆ. ಕಾರ್ಡಿನ ಮಾತು ಬರೀ ನೆವ ಅಕ್ಕಾ. ಬಿಚ್ಚಲಿ ಎಂದು ಬರೆಯಬೇಡ. ನಿನ್ನ ಹೊಲಿಗೆಯನ್ನು ಯಾರೂ ಬಿಚ್ಚುವುದು ನನಗೆ ಬೇಡ. ಅಮರಯ್ಯನವರಿಂದ ಬಟ್ಟೆ ವಾಪಸು ಇಸಿದುಕೊಂಡು ಇದೇ ೨೧ರ ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ನೀನು ನನ್ನ ಜೊತೆ ಮಾತಾಡದಿದ್ದರೂ ಸರಿ. ಕಟ್ಟೆಯ ಮೇಲೆ ಕೂತುಕೋ, ನನ್ನನ್ನು ಸುಬ್ಬಣ್ಣನ ಅಂಗಡಿಗೆ ಕಳಿಸು. ಏನು ತರಬೇಕೆಂದು ಸಹ ಹೇಳಬೇಡ, ನಾನು ಹೋಗಿ ಬರುತ್ತೇನೆ, ನೀನು ನೋಡು.